ಸಹಾಯ ಬೇಕು: ಸಿಬಿಐ ಎಸ್‌ಐ ಹುದ್ದೆಗೆ ಕೇಂದ್ರದ ಒಬಿಸಿ ಪ್ರಮಾಣಪತ್ರ

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳು ಎಸ್‌ಎಸ್‌ಸಿ ಸಿಜಿಎಲ್ (ಪದವೀಧರರಿಗೆ ಕೇಂದ್ರ ಸರ್ಕಾರದ ನೇಮಕಾತಿ ಪರೀಕ್ಷೆ) ಮೂಲಕ ಸಿಬಿಐ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಓದುತ್ತಿದ್ದಾಳೆ. ಪದವಿ ಮುಗಿದಿದೆ, ಹೆಣ್ಣುಮಕ್ಕಳಿಗೆ ಬೇಕಾದ 150 ಸೆಂ.ಮೀ. ಎತ್ತರವೂ ಇದೆ. ದೂರದೃಷ್ಟಿ ಒಂದು ಕಣ್ಣಿಗೆ 6/6, ಇನ್ನೊಂದಕ್ಕೆ 6/9 ಕೇಳುತ್ತಾರೆ. ಕನ್ನಡಕ ಹಾಕಿ ಅಷ್ಟು ಕಂಡರೂ ಸಾಕು.

ಚಿಂತೆ ಕಾಗದಪತ್ರದ್ದು. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ 2ಎ, 3ಬಿ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿರಬೇಕು, ಕೆನೆಪದರಕ್ಕೆ (ಹಿಂದುಳಿದ ವರ್ಗದಲ್ಲೇ ಮುಂದುವರಿದು ಮೀಸಲಾತಿ ಸಿಗದ ಕುಟುಂಬಗಳು) ಸೇರಿಲ್ಲವೆಂದು ಕೇಂದ್ರದ ನಮೂನೆಯಲ್ಲೇ ಬರೆದಿರಬೇಕು. ಇಲ್ಲದಿದ್ದರೆ ಮೀಸಲಾತಿಯ ಜೊತೆಗೆ 30 ವರ್ಷದ ವಯೋಮಿತಿಯ ಮೇಲೆ ಸಿಗುವ 3 ವರ್ಷದ ಸಡಿಲಿಕೆಯೂ ಕೈತಪ್ಪುತ್ತದೆ. ಇನ್ನೊಂದು ತೊಡಕು: ಕೆನೆಪದರವನ್ನು ನಿರ್ಧರಿಸುವ ವರ್ಷಕ್ಕೆ 8 ಲಕ್ಷ ರೂಪಾಯಿಯ ಆದಾಯ ಮಿತಿಗೆ ತಂದೆತಾಯಿಯ ಸಂಬಳ, ಕೃಷಿ ಆದಾಯ ಎರಡನ್ನೂ ಸೇರಿಸುವಂತಿಲ್ಲ. ಪರಿಶೀಲಿಸುವವರು ರಾಜ್ಯದ ಲೆಕ್ಕದಂತೆ ಸೇರಿಸಿಬಿಟ್ಟರೆ ಅರ್ಹರ ಅರ್ಜಿಯೂ ತಿರಸ್ಕೃತವಾಗುತ್ತದೆ.

ನಾಡಕಚೇರಿಯಲ್ಲಿ ಇತ್ತೀಚೆಗೆ ಇದನ್ನು ಮಾಡಿಸಿದವರು ದಯವಿಟ್ಟು ತಿಳಿಸಿ: ಯಾವ ದಾಖಲೆ ಕೊಟ್ಟಿರಿ, ಎಷ್ಟು ದಿನ ಹಿಡಿಯಿತು, ಸಂಬಳವನ್ನು ಬಿಟ್ಟು ಲೆಕ್ಕ ಹಾಕಲು ಯಾವ ಆದೇಶ ತೋರಿಸಿದಿರಿ?

ಹಾಗೆಯೇ ಪರೀಕ್ಷೆಯ ಎರಡನೇ ಹಂತದ ಕಂಪ್ಯೂಟರ್ ಜ್ಞಾನದ 20 ಪ್ರಶ್ನೆಗಳಿಗೆ ಹೇಗೆ ತಯಾರಾದಿರಿ? ಅದು ಅರ್ಹತೆಗೆ ಮಾತ್ರ (ಪಾಸಾದರೆ ಸಾಕು, ಅಂಕ ಸೇರುವುದಿಲ್ಲ) ಎಂದು ಬಿಟ್ಟವರು ಗಣಿತದಲ್ಲಿ ಒಳ್ಳೆಯ ಅಂಕವಿದ್ದರೂ ಹೊರಬೀಳುತ್ತಾರೆ. ಪರೀಕ್ಷೆ ಇಂಗ್ಲಿಷ್, ಹಿಂದಿಯಲ್ಲಷ್ಟೇ ಇರುವುದರಿಂದ, ಕನ್ನಡ ಮಾಧ್ಯಮದಲ್ಲಿ ಓದಿ ಆಯ್ಕೆಯಾದವರ ಮಾತು ಅವಳಿಗೆ ಬಹಳ ಬೇಕು.