ಕಾಶಿಗೆ ನಾಲ್ಕು ಜನ, ಎರಡು ಸೂಟ್‌ಕೇಸ್. ಪ್ಯಾಕಿಂಗ್ ಕ್ಯೂಬ್ ತಗೊಳ್ಳಬಹುದಾ?

ಮಂಡ್ಯದ ಮನೆ:
ಸಂಕ್ರಾಂತಿ ಮುಗಿಸಿಕೊಂಡು ಅತ್ತೆ, ಮಾವ, ನಾನು, ಮಗಳು ಕಾಶಿಗೆ ಹೊರಟಿದ್ದೇವೆ. ಮೈಸೂರು–ವಾರಾಣಸಿ ರೈಲು, ಸ್ಲೀಪರ್ ಬೋಗಿ, ಎರಡು ರಾತ್ರಿ ಪ್ರಯಾಣ. ಅಲ್ಲಿಂದ ಪ್ರಯಾಗ್‌ರಾಜ್‌ಗೂ ಹೋಗಬೇಕು. ಮಾವನಿಗೆ ಭಾರ ಎತ್ತೋಕಾಗಲ್ಲ, ಅದಕ್ಕೇ ಎರಡೇ ಸೂಟ್‌ಕೇಸ್ ಅಂತ ತೀರ್ಮಾನ ಮಾಡಿದ್ದೇವೆ. ಆದರೆ ಒಬ್ಬರಿಗೆ ಟವೆಲ್ ಬೇಕು ಅಂದರೂ ಎಲ್ಲರ ಬಟ್ಟೆಯನ್ನೂ ಸೀಟಿನ ಮೇಲೆ ಹರಡಬೇಕಾಗುತ್ತೆ. ಸ್ವೆಟರ್, ಶಾಲು, ಗಂಗೆಯಲ್ಲಿ ಮಿಂದ ಒದ್ದೆ ಬಟ್ಟೆ, ಇದರ ಜೊತೆಗೆ ಅತ್ತೆಯ ರೇಷ್ಮೆ ಸೀರೆ ಬೇರೆ. ಜಿಪ್ ಇರೋ ಚೌಕದ ಬಟ್ಟೆ ಚೀಲ, ಪ್ಯಾಕಿಂಗ್ ಕ್ಯೂಬ್ ಅಂತಾರಲ್ಲ, ಅದರಿಂದ ನಿಜವಾಗಿ ಜಾಗ ಉಳಿಯುತ್ತಾ? ದುಡ್ಡು ಕೊಟ್ಟು ತಗೊಳ್ಳೋ ಬದಲು ಇಲ್ಲೇ ಹೊಲಿಸಿಕೊಂಡರೆ ನಡೆಯುತ್ತಾ?

ಒಂಟಿಕೊಪ್ಪಲು:
ಜಾಗ ಉಳಿಯುತ್ತೆ ಅಂತ ತಗೊಳ್ಳಬೇಡಿ ಅಕ್ಕ. ಬಟ್ಟೆ ಅಷ್ಟೇ ಇರುತ್ತೆ, ಚೀಲ ಬದಲಾಗುತ್ತೆ. ಉಪಯೋಗ ಬೇರೆ ಕಡೆ ಇದೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಮಾಡಿ. ಮಾವನವರದು ನೀಲಿ ಅಂದರೆ ಪಂಚೆ, ಬನಿಯನ್, ಶರ್ಟು ಎಲ್ಲ ನೀಲಿಯಲ್ಲೇ. ಅವರು ಕೇಳಿದಾಗ ನೀಲಿ ಚೀಲ ಒಂದನ್ನೇ ಎತ್ತಿ ಕೊಟ್ಟರಾಯಿತು, ಉಳಿದವರ ಬಟ್ಟೆ ಅಲುಗೋದೇ ಇಲ್ಲ. ಬನಿಯನ್, ಟೀಶರ್ಟು, ಮಗಳ ಚೂಡಿದಾರ ಸುತ್ತಿ ನಿಲ್ಲಿಸಿದರೆ ಜಿಪ್ ತೆಗೆದ ಕೂಡಲೇ ಎಲ್ಲ ಕಾಣುತ್ತೆ. ಇಸ್ತ್ರಿ ಮಾಡಿದ ಶರ್ಟು ಮಾತ್ರ ಮಡಚಿ ಮಲಗಿಸಿ.

ಎರಡು ಜಿಪ್ ಇರೋ ಒಂದು ಥರ ಬರುತ್ತೆ, ಎರಡನೇ ಜಿಪ್ ಎಳೆದರೆ ಗಾಳಿ ಹೋಗಿ ಚಪ್ಪಟೆ ಆಗುತ್ತೆ. ಸ್ವೆಟರ್‌ಗೆ ಅದು ಒಳ್ಳೇದು, ಏಕೆಂದರೆ ಉಣ್ಣೆಯಲ್ಲಿ ಗಾಳಿ ಜಾಸ್ತಿ. ಆದರೆ ಜನವರಿಯಲ್ಲಿ ಅಲ್ಲಿ ಕೊರೆಯುವ ಚಳಿ, ಸ್ವೆಟರ್ ಮೈಮೇಲೇ ಇರುತ್ತೆ ಅಲ್ವಾ? ಅಂಥದ್ದು ಒಂದು ಸಾಕು.

ಇನ್ನೊಂದು ಮಾತು. ಆ ತಿಂಗಳು ಮಂಜಿಗೆ ರೈಲುಗಳು ಗಂಟೆಗಟ್ಟಲೆ ತಡ ಆಗ್ತವೆ. ಮಾವನವರ ಮಾತ್ರೆ, ಎಲ್ಲರದೂ ಒಂದೊಂದು ಜೊತೆ ಬಟ್ಟೆ, ಬ್ರಷ್ಷು, ಸ್ಲೀಪರ್‌ನಲ್ಲಿ ಹೊದಿಕೆ ಕೊಡಲ್ಲವಾದ್ದರಿಂದ ಕಂಬಳಿ, ಇಷ್ಟನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ. ಆಗ ಸೀಟಿನ ಕೆಳಗಿನ ಸೂಟ್‌ಕೇಸನ್ನು ದಾರಿಯಲ್ಲಿ ಎಳೆಯೋ ಕೆಲಸವೇ ಇರಲ್ಲ.

ದರ್ಜಿ ಅಂಗಡಿ, ಶ್ರೀರಂಗಪಟ್ಟಣ:
ಧಾರಾಳವಾಗಿ ಹೊಲಿಸಿ ಮೇಡಂ. ಆದರೆ ಅಳತೆ ಸರಿಯಾಗಿ ತಗೊಳ್ಳಿ. ಸೂಟ್‌ಕೇಸ್ ಒಳಗೆ ತಳದಲ್ಲಿ ಹಿಡಿ ಎಳೆಯೋ ಎರಡು ಕಂಬಿ ಉಬ್ಬಿಕೊಂಡಿರುತ್ತೆ. ಎತ್ತರವನ್ನು ತಳದಿಂದ ಅಳೆಯಬೇಡಿ, ಆ ಉಬ್ಬಿನ ಮೇಲಿಂದ ಅಳೆಯಿರಿ, ಇಲ್ಲದಿದ್ದರೆ ಮುಚ್ಚಳ ಹಾಕೋಕೆ ಬರಲ್ಲ. ಕಂಬಿಗಳ ನಡುವಿನ ಹಳ್ಳಕ್ಕೆ ಟವೆಲ್, ಸಾಕ್ಸ್ ತುಂಬಿ ಮಟ್ಟ ಮಾಡಿಕೊಳ್ಳಿ. ಚೀಲ 4 ಇಂಚಿಗಿಂತ ಎತ್ತರ ಬೇಡ. ಜಾಸ್ತಿ ಎತ್ತರ ಇದ್ದರೆ ಹೊಟ್ಟೆ ಉಬ್ಬಿಕೊಂಡು ಪಕ್ಕದ್ದು ಕೂರಲ್ಲ.

ಮೇಲ್ಭಾಗಕ್ಕೆ ನೆಟ್ ಬಟ್ಟೆ ಹಾಕಿಸಿ, ಒಳಗೇನಿದೆ ಅಂತ ಕಾಣುತ್ತೆ. ಜಿಪ್ಪನ್ನು ಮೂರು ಕಡೆ ಸುತ್ತಿಸಿ ಹೊಲಿಸಿದರೆ ಮುಚ್ಚಳದ ಹಾಗೆ ಪೂರ್ತಿ ತೆರೆಯುತ್ತೆ. ಒಂದೇ ಕಡೆ ಜಿಪ್ ಇದ್ದರೆ ಮತ್ತೆ ಕೈ ಹಾಕಿ ತಡಕಾಡೋದೇ. ಒಳಗಿನ ಅಂಚಿಗೆ ಪೈಪಿಂಗ್ ಕೊಡೋಕೆ ಹೇಳಿ, ಇಲ್ಲದಿದ್ದರೆ ನೂಲು ಬಿಚ್ಚಿಕೊಂಡು ಜಿಪ್ಪಿಗೆ ಸಿಕ್ಕಿಹಾಕಿಕೊಳ್ಳುತ್ತೆ.

ಅಗ್ರಹಾರದ ಅಜ್ಜಿ:
ನೋಡಮ್ಮ, ರೇಷ್ಮೆ ಸೀರೆಯನ್ನು ಮಾತ್ರ ಆ ಒತ್ತೋ ಚೀಲಕ್ಕೆ ಹಾಕಬೇಡ. ಜರಿ ಮಡಿಕೆ ಬಿದ್ದ ಕಡೆಯೇ ಮುರಿಯುತ್ತೆ. ಹಳೇ ಹತ್ತಿ ಪಂಚೆಯಲ್ಲಿ ಸಡಿಲವಾಗಿ ಸುತ್ತಿ ಎಲ್ಲಕ್ಕಿಂತ ಮೇಲೆ ಇಡು. ಅದರ ಮೇಲೆ ಏನೂ ಭಾರ ಬೇಡ. ಪ್ಲಾಸ್ಟಿಕ್ ಕವರೂ ಬೇಡ.

ಒದ್ದೆ ಬಟ್ಟೆಗೆ ಬೇರೆಯೇ ದಪ್ಪ ಕವರ್ ಇರಲಿ. ನೆಟ್ ಚೀಲಕ್ಕೆ ಹಾಕಿದರೆ ಪಕ್ಕದ ಬಟ್ಟೆಯೆಲ್ಲ ಮುಗ್ಗಲು ವಾಸನೆ. ಒಂದು ನೈಲಾನ್ ಹಗ್ಗ, ನಾಲ್ಕು ಕ್ಲಿಪ್ ತಗೊಂಡು ಹೋಗು, ರೂಮಿಗೆ ಬಂದ ಕೂಡಲೇ ಹರವಿಬಿಡು. ಸ್ನಾನಕ್ಕೆ ತೆಳು ಟವೆಲ್ಲೇ ಒಳ್ಳೇದು, ಟರ್ಕಿ ಟವೆಲ್ ಆ ಚಳಿಯಲ್ಲಿ ಬೇಗ ಒಣಗೋದೇ ಇಲ್ಲ.

ಮಂಡ್ಯದ ಮನೆ:
ತುಂಬಾ ಉಪಕಾರ ಆಯ್ತು. ನಾಳೆಯೇ ಅಳತೆ ಹಿಡಿಯುತ್ತೇನೆ. ವಾಪಸ್ ಬರೋದು ಮಾತ್ರ ವಿಮಾನದಲ್ಲಿ, ಬೆಂಗಳೂರಿಗೆ. ಮಾವನಿಗೆ ಇನ್ನೆರಡು ರಾತ್ರಿ ರೈಲು ಕಷ್ಟ. ಗಂಗಾಜಲದ ಗಿಂಡಿ, ನೆಂಟರಿಗೆ ಒಂದೆರಡು ಬನಾರಸ್ ಸೀರೆ ಬೇರೆ ಇರುತ್ತೆ.

ಒಂಟಿಕೊಪ್ಪಲು:
ಹಾಗಿದ್ದರೆ ತೂಕ ಈಗಲೇ ನೋಡಿಕೊಳ್ಳಿ. ಸ್ಲೀಪರ್ ರೈಲಲ್ಲಿ ಒಬ್ಬರಿಗೆ 40 ಕೆಜಿವರೆಗೆ ದುಡ್ಡಿಲ್ಲದೆ ಒಯ್ಯಬಹುದು. ವಿಮಾನದಲ್ಲಿ ಸಾಮಾನ್ಯವಾಗಿ ಲಗೇಜಿಗೆ 15, ಕೈಚೀಲಕ್ಕೆ 7 ಅಷ್ಟೇ. ನಿಮ್ಮ ಟಿಕೆಟ್‌ನಲ್ಲಿ ಎಷ್ಟಿದೆ ನೋಡಿ. ಒತ್ತಿದ ಚೀಲದಲ್ಲಿ ಜಾಗ ಕಾಣುತ್ತೆ ಅಂತ ತುಂಬುತ್ತಾ ಹೋದರೆ ತಕ್ಕಡಿಯಲ್ಲಿ ಸಿಕ್ಕಿಬೀಳ್ತೀರಿ. ಹೊರಡುವಾಗಲೇ ಒಂದು ಚೀಲದಷ್ಟು ಜಾಗ ಖಾಲಿ ಬಿಡಿ, ಸೀರೆ ಅಲ್ಲಿ ಕೂರುತ್ತೆ. ಗಿಂಡಿಯನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಟವೆಲ್‌ನಲ್ಲಿ ಸುತ್ತಿ ಲಗೇಜಿನ ನಡುಮಧ್ಯೆ ಇಡಿ, ರೇಷ್ಮೆಯಿಂದ ದೂರ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಲಿ, ಅದನ್ನು ಲಗೇಜಿಗೆ ಹಾಕೋ ಹಾಗಿಲ್ಲ.