ವಿದೇಶಿ ಸ್ಟ್ರೀಮಿಂಗ್ ಸೇವೆಗಳಲ್ಲಿ ಸ್ಥಳೀಯ ಪಾಲು: ಎಣಿಕೆ ಸಾಕೇ?

ಪ್ರಶ್ನೆ: ಐರೋಪ್ಯ ಒಕ್ಕೂಟವು 2018ರಲ್ಲಿ ತಿದ್ದುಪಡಿ ಮಾಡಿದ ನಿರ್ದೇಶನದಂತೆ, ಸ್ಟ್ರೀಮಿಂಗ್ ಸೇವೆಗಳ ಸಂಗ್ರಹದಲ್ಲಿ ಕನಿಷ್ಠ ಶೇ 30ರಷ್ಟು ಯುರೋಪಿನ ಕೃತಿಗಳಿರಬೇಕು. ಹಳೆಯ ಚಿತ್ರಗಳನ್ನು ಅಗ್ಗಕ್ಕೆ ಸಗಟಾಗಿ ಕೊಂಡು ಯಾರೂ ನೋಡದ ಮೂಲೆಯಲ್ಲಿ ಪೇರಿಸಿಟ್ಟರೂ ಲೆಕ್ಕ ಸರಿಹೋಗುವುದಿಲ್ಲವೇ?

ಉತ್ತರ 1: ಸಂಖ್ಯೆಯ ಮಟ್ಟಿಗೆ ನಿಮ್ಮ ಅನುಮಾನ ಸರಿ. 2020ರ ಮಾರ್ಗಸೂಚಿಯ ಪ್ರಕಾರ ಎಣಿಕೆ ನಡೆಯುವುದು ಶೀರ್ಷಿಕೆಗಳ ಲೆಕ್ಕದಲ್ಲಿ. ತೊಂಬತ್ತು ನಿಮಿಷದ ಒಂದು ಚಿತ್ರವೂ ಒಂದೇ, ಹತ್ತು ಕಂತುಗಳ ಧಾರಾವಾಹಿಯ ಒಂದು ಸೀಸನ್ ಕೂಡ ಒಂದೇ. ಆದರೆ ಅದೇ ನಿರ್ದೇಶನವು ಆ ಕೃತಿಗಳು ವೀಕ್ಷಕರ ಕಣ್ಣಿಗೆ ಬೀಳುವಂತಿರಬೇಕೆಂದೂ ವಿಧಿಸುತ್ತದೆ. ಪಾಲನೆಯನ್ನು ಅಳೆಯುವುದು ಕಷ್ಟ, ಅದು ಬೇರೆ ಮಾತು.

ಉತ್ತರ 2: ಹೂಡಿಕೆಯ ಕಡ್ಡಾಯವೇ ಹೆಚ್ಚು ಫಲಕಾರಿ ಎಂಬುದು ನನ್ನ ಅಭಿಪ್ರಾಯ. ಸ್ವಿಟ್ಜರ್ಲೆಂಡಿನ ಮತದಾರರು 2022ರ ಮೇ ತಿಂಗಳಲ್ಲಿ ಅನುಮೋದಿಸಿದ ಕಾನೂನು, ಸೇವೆಗಳು ಅಲ್ಲಿ ಗಳಿಸುವ ಆದಾಯದ ಶೇ 4ರಷ್ಟನ್ನು ಸ್ವಿಸ್ ಚಿತ್ರನಿರ್ಮಾಣಕ್ಕೆ ತೊಡಗಿಸಬೇಕೆನ್ನುತ್ತದೆ. ಫ್ರಾನ್ಸ್ 2021ರಿಂದ ಕನಿಷ್ಠ ಶೇ 20ರಷ್ಟನ್ನು ಕೇಳುತ್ತಿದೆ. ಹಳೆಯ ಸರಕನ್ನು ತುಂಬಿ ಈ ಹೊಣೆಯಿಂದ ನುಣುಚಿಕೊಳ್ಳುವುದು ಅಷ್ಟು ಸುಲಭವಲ್ಲ.

ಉತ್ತರ 3: ಹಣ ಬಂದರೂ 'ಸ್ಥಳೀಯ' ಎಂದರೇನು ಎಂಬ ತೊಡಕು ಹಾಗೆಯೇ ಉಳಿಯುತ್ತದೆ. ಕೆನಡಾದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಪದ್ಧತಿಯಲ್ಲಿ ನಿರ್ದೇಶಕ, ಚಿತ್ರಕಥೆಗಾರ, ಮುಖ್ಯ ನಟರು ಮುಂತಾದವರ ಪೌರತ್ವಕ್ಕೆ ಅಂಕಗಳಿದ್ದು, ಹತ್ತರಲ್ಲಿ ಆರಾದರೂ ಸಿಗಬೇಕಿತ್ತು, ನಿರ್ಮಾಪಕರೂ ಕೆನಡಾದವರಾಗಿರಬೇಕಿತ್ತು. ಹೀಗಾಗಿ ಕೆನಡಾದ ಕಥೆಯನ್ನು ಕೆನಡಾದಲ್ಲೇ ಚಿತ್ರೀಕರಿಸಿದರೂ, ನಿರ್ಮಾಣವು ವಿದೇಶಿ ಸಂಸ್ಥೆಯದಾಗಿದ್ದರೆ ಅದು ಸ್ಥಳೀಯವೆನಿಸುತ್ತಿರಲಿಲ್ಲ. ಭಾಷೆಗೂ ವಸ್ತುವಿಗೂ ಅಂಕವೇ ಇಲ್ಲದ ಈ ಲೆಕ್ಕಾಚಾರ ನನಗಂತೂ ವಿಚಿತ್ರವಾಗಿ ಕಾಣುತ್ತದೆ.