‘ಇಡೀ ರಾತ್ರಿ ಆಕಾಶದ ನಕ್ಷೆ’: ಸರಿಯಾದ ಪದ ಯಾವುದು?

ಗೆಳೆಯರೇ,

ನಾಸಾದ ವೈಸ್ (WISE) ಎಂಬ ಬಾಹ್ಯಾಕಾಶ ದೂರದರ್ಶಕದ ಬಗ್ಗೆ ಒಂದು ಬರಹ ತಿದ್ದುತ್ತಿದ್ದೇನೆ. ಅದರಲ್ಲಿ ಈ ಸಾಲಿದೆ: “ವೈಸ್ ಇಡೀ ರಾತ್ರಿ ಆಕಾಶದ ಅತಿಗೆಂಪು ನಕ್ಷೆ ತಯಾರಿಸಿತು.”

ಪಾಪ, ರಾತ್ರಿಯಿಡೀ ನಿದ್ದೆಗೆಟ್ಟು ಬರೆಯಿತು ಅನ್ನೋ ಹಾಗಿದೆ, ಅಲ್ವಾ? ‘ಇಡೀ’ ಹೋಗಿ ರಾತ್ರಿಗೆ ಅಂಟಿಕೊಂಡಿದೆ. ನಾನಂತೂ ‘ರಾತ್ರಿ’ಯನ್ನೇ ಕಿತ್ತುಹಾಕಿದೆ. ಭೂಮಿಯಿಂದ ಸುಮಾರು 525 ಕಿ.ಮೀ. ಎತ್ತರದಲ್ಲಿ, ಹಗಲು-ರಾತ್ರಿ ಕೂಡುವ ಗೆರೆಯ ಮೇಲೇ ಸುತ್ತುತ್ತಿದ್ದ ಉಪಗ್ರಹ ಅದು. ಕತ್ತಲಾಗಲಿ ಅಂತ ಕಾಯುವ ಪ್ರಶ್ನೆಯೇ ಇರಲಿಲ್ಲ.

‘ಅತಿಗೆಂಪು’ (ಇನ್‌ಫ್ರಾರೆಡ್) ಬಳಕೆಯಲ್ಲಿದೆ, ಒಪ್ಪಿದೆ. ಆದರೆ ಓದುಗರು ಕಡುಗೆಂಪು ಅಂದುಕೊಂಡಾರು. ಇದು ಕೆಂಪಿನ ಆಚೆಗಿನ, ಕಣ್ಣಿಗೆ ಕಾಣದ ಬೆಳಕು. ‘ಅವಗೆಂಪು’ ವಾಸಿ.

ನನ್ನ ನಿಜವಾದ ತಕರಾರು ‘ನಕ್ಷೆ’ ಬಗ್ಗೆ. ವೈಸ್ ಮಾಡಿದ ಕೆಲಸ ನೋಡಿ. 11 ಸೆಕೆಂಡಿಗೊಂದು ಚಿತ್ರ. ಒಂದೊಂದರ ಅಗಲವೂ ಹುಣ್ಣಿಮೆ ಚಂದ್ರನ ಒಂದೂವರೆಯಷ್ಟು. ಭೂಮಿಗೆ ಒಂದು ಸುತ್ತು ಹಾಕಿದರೆ ಆಕಾಶದ ಒಂದು ಪಟ್ಟಿ. ಭೂಮಿ ಸೂರ್ಯನ ಸುತ್ತ ಸರಿದ ಹಾಗೆ ಆ ಪಟ್ಟಿಯೂ ದಿನಕ್ಕೆ ಸುಮಾರು ಒಂದು ಡಿಗ್ರಿ ಸರಿಯುತ್ತದೆ. ಹಿಂದಿನ ಪಟ್ಟಿಯ ಮೇಲೆ ಮುಂದಿನದು ಬೀಳುವುದರಿಂದ ಒಂದೇ ಜಾಗ ಎಷ್ಟೋ ಸಲ ಸಿಗುತ್ತದೆ. ಹೀಗೆ ಜನವರಿ 2010ರಲ್ಲಿ ಶುರುವಾಗಿ ಜುಲೈ ಹೊತ್ತಿಗೆ ಒಂದು ಸಲ ಆಕಾಶ ಪೂರ್ತಿ ಮುಗಿಯಿತು. 2012ರಲ್ಲಿ ಹೊರಬಂದದ್ದು ಬರೀ ಚಿತ್ರವಲ್ಲ, 56 ಕೋಟಿಗೂ ಜಾಸ್ತಿ ಆಕಾಶಕಾಯಗಳ ಯಾದಿಯೂ ಜೊತೆಗಿತ್ತು.

ಹಾಗಾಗಿ ‘ನಕ್ಷೆ’ ಅಂದರೆ ಅರ್ಧ ಕೆಲಸ ಬಿಟ್ಟುಹೋಗುತ್ತದೆ. ‘ಸಮೀಕ್ಷೆ’ ಅಂದರೆ ಚುನಾವಣೆ ನೆನಪಾಗುತ್ತದೆ.

ನನಗೆ ಹೊಳೆದದ್ದು ‘ಮೋಜಣಿ’, ನಮ್ಮ ಕಡೆ ಜಮೀನಿನ ಸರ್ವೆಗೆ ಅನ್ನುವ ಪದ. ಮರಾಠಿಯ ‘ಮೋಜಣೆ’ಗೆ ಅಳೆಯುವುದು, ಎಣಿಸುವುದು ಎರಡೂ ಅರ್ಥ ಇದೆ. ಇಲ್ಲಿ ನಡೆದದ್ದೂ ಎರಡೂ ತಾನೆ? ಹೊಲದ ಮೋಜಣಿಯಲ್ಲಿ ನಕಾಶೆಯೂ ಇರುತ್ತದೆ, ಸರ್ವೆ ನಂಬರೂ ಇರುತ್ತದೆ. ಇಲ್ಲೂ ಹಾಗೇ. ವೈಸ್ 0855−0714 ಅನ್ನೋದು ಸುಮಾರು 7.4 ಬೆಳಕಿನ ವರ್ಷ ದೂರದ ಒಂದು ತಣ್ಣನೆ ಕಂದು ಕುಬ್ಜ, ಅಂದರೆ ನಕ್ಷತ್ರವಾಗುವಷ್ಟು ತೂಕವಿಲ್ಲದ ಕಾಯ. ಆ ಅಂಕಿಗಳು ಆಕಾಶದಲ್ಲಿ ಅದರ ವಿಳಾಸವೇ.

“ವೈಸ್ ಇಡೀ ಆಕಾಶವನ್ನು ಅವಗೆಂಪು ಬೆಳಕಿನಲ್ಲಿ ಮೋಜಣಿ ಮಾಡಿತು.” ನನ್ನ ಕಿವಿಗೆ ಚೆನ್ನಾಗೇ ಕೇಳಿಸುತ್ತದೆ. ಆದರೆ ನಾನು ಬೆಳಗಾವಿ ಕಡೆಯವನು. ಹಳೇ ಮೈಸೂರು, ಕರಾವಳಿಯವರಿಗೆ ಈ ಪದ ಅರ್ಥವಾಗುತ್ತದೆಯೇ? ಇಲ್ಲವಾದರೆ ಸುಮ್ನೆ ‘ಸರ್ವೆ’ ಅಂತಲೇ ಇಟ್ಟುಬಿಡಲೇ?